ಮಂಡಿ ಕೆಲಸ ಬಿಡದೆ ಡೇಟಾ ಅನಾಲಿಸ್ಟ್ ಆಗಲು: ಓದಿ ನೋಡಿದ ನಾಲ್ಕು ಪ್ರಮಾಣಪತ್ರಗಳ ಹೋಲಿಕೆ

ಬಿ.ಕಾಂ. ಮುಗಿಸಿ ದಾವಣಗೆರೆಯ ಎಪಿಎಂಸಿ ಪ್ರಾಂಗಣದ ದಲ್ಲಾಳಿ ಮಂಡಿಯೊಂದರಲ್ಲಿ ಟ್ಯಾಲಿ ಲೆಕ್ಕ ನೋಡಿಕೊಳ್ಳುತ್ತಿದ್ದ ನಾನು, ಬರುವ ಸಂಬಳವನ್ನು ಬಿಡದೆ, ಬೆಂಗಳೂರಿನ ಪಿ.ಜಿ.ಯೊಂದರಲ್ಲಿ ಹೋಗಿ ಕೂರದೆ, ಅಂಕಿಅಂಶಗಳನ್ನು ಜಾಲಾಡಿ ಅರ್ಥ ಹೇಳುವ ಡೇಟಾ ಅನಾಲಿಸ್ಟ್ ಕೆಲಸಕ್ಕೆ ಬೇಕಾದ ವಿದ್ಯೆಯನ್ನು ಕಲಿಯಲು ನಾಲ್ಕು ದಾರಿಗಳನ್ನು ಹಿಡಿದು ನೋಡಿದ್ದೇನೆ. ನಗರದ ತರಬೇತಿ ಕೇಂದ್ರವೊಂದರ ಸಂಜೆಯ ಬ್ಯಾಚು, ಕೋರ್ಸೆರಾ ಎಂಬ ಆನ್‌ಲೈನ್ ಕಲಿಕಾ ತಾಣದಲ್ಲಿರುವ ಗೂಗಲ್ ಡೇಟಾ ಅನಾಲಿಟಿಕ್ಸ್ ಪ್ರಮಾಣಪತ್ರ, ಐಐಟಿಗಳ ಆನ್‌ಲೈನ್ ಪಾಠಗಳ ಯೋಜನೆಯಾದ ಎನ್‌ಪಿಟಿಇಎಲ್‌ನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೋರ್ಸು ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯದ ಸಿಎಸ್50 ಎಂಬ ಕಂಪ್ಯೂಟರ್ ಪಾಠಗಳ ಮಾಲಿಕೆಯಲ್ಲಿ ಎಸ್‌ಕ್ಯೂಎಲ್ (ಡೇಟಾಬೇಸಿನಿಂದ ಬೇಕಾದ ಮಾಹಿತಿಯನ್ನು ಹುಡುಕಿ ತೆಗೆಯುವ ಭಾಷೆ) ಕೋರ್ಸು ಆ ನಾಲ್ಕು. ಐಐಟಿ ಮದ್ರಾಸಿನ ಡೇಟಾ ಸೈನ್ಸ್ ಬಿಎಸ್ ಪದವಿಯ ಅರ್ಹತಾ ಹಂತದ ಪಾಠಗಳನ್ನೂ ಓದಿದ್ದೇನೆ. ಅದರ ಸ್ವರೂಪವೇ ಬೇರೆಯಾದ್ದರಿಂದ ಆ ಮಾತನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಇಂಥ ಕೋರ್ಸುಗಳನ್ನು ಶುಲ್ಕ, ಅವಧಿ ಮತ್ತು ಸಂಸ್ಥೆಯ ಹೆಸರಿನಿಂದ ಅಳೆಯುವುದು ರೂಢಿ. ನನಗೆ ಇವೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂದೇ ಪ್ರಶ್ನೆ: ನಾನು ಬರೆದ ಉತ್ತರವನ್ನು ಯಾರು ತಿದ್ದುತ್ತಾರೆ, ಮತ್ತು ಅದನ್ನು ಯಾವ ದಿನದೊಳಗೆ ಒಪ್ಪಿಸಬೇಕು? ಪಾಠದ ವಿಡಿಯೊಗಳು ಯೂಟ್ಯೂಬಿನಲ್ಲಿ ಬೇಕಾದಷ್ಟು ಪುಕ್ಕಟೆಯಾಗಿ ಸಿಗುತ್ತವೆ. ಸಿಗದೇ ಇರುವುದು ತಿದ್ದುವವರು ಮತ್ತು ಗಡುವು. "ನಿಮ್ಮ ಬಿಡುವಿನಲ್ಲಿ ಕಲಿಯಿರಿ" ಎಂಬ ಆಶ್ವಾಸನೆ ಕೇಳಲು ಹಿತವಾಗಿಯೇ ಇರುತ್ತದೆ. ಆದರೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮೆಕ್ಕೆಜೋಳದ ಆವಕ ಏರಿದಾಗ ಮಂಡಿಯ ಗುಮಾಸ್ತನಿಗೆ ಬಿಡುವು ಎಂಬುದೇ ಇರುವುದಿಲ್ಲ, ಗಡುವಿಲ್ಲದ ಕೋರ್ಸು ಆ ಮೂರು ತಿಂಗಳಲ್ಲಿ ತಾನಾಗಿಯೇ ಮೂಲೆ ಸೇರುತ್ತದೆ.

ಮೊದಲು ಸೇರಿದ್ದು ತರಬೇತಿ ಕೇಂದ್ರಕ್ಕೆ. ಎಕ್ಸೆಲ್, ಎಸ್‌ಕ್ಯೂಎಲ್, ದತ್ತಾಂಶವನ್ನು ಚಿತ್ರ ವರದಿಯಾಗಿಸುವ ಪವರ್ ಬಿಐ ಮತ್ತು ಸ್ವಲ್ಪ ಪೈಥಾನ್ ಸೇರಿದ ಆ ಬ್ಯಾಚಿಗೆ 25,000 ರೂಪಾಯಿಯನ್ನು ಕಂತುಗಳಲ್ಲಿ ಕಟ್ಟಿದೆ. ಇದರ ದೊಡ್ಡ ಗುಣವೆಂದರೆ ಪಾಠ ಕನ್ನಡದಲ್ಲಿ ನಡೆದದ್ದು. ಎರಡು ಕೋಷ್ಟಕಗಳನ್ನು ಜೋಡಿಸುವ ಜಾಯಿನ್ ಎಂಬ ಕ್ರಿಯೆಯನ್ನು ಅಲ್ಲಿನ ಮೇಷ್ಟ್ರು ಬೋರ್ಡಿನ ಮೇಲೆ ಎರಡು ಹಾಜರಿ ಪಟ್ಟಿಗಳನ್ನು ಬರೆದು, ಎರಡರಲ್ಲೂ ಹೆಸರಿರುವವರು ಮಾತ್ರ ಬೇಕಾದಾಗ ಒಂದು ಬಗೆ, ಎಡಗಡೆಯ ಪಟ್ಟಿಯವರೆಲ್ಲರೂ ಉಳಿಯಬೇಕಾದಾಗ ಇನ್ನೊಂದು ಬಗೆ ಎಂದು ಒಂದೇ ಸಂಜೆಯಲ್ಲಿ ಮನದಟ್ಟು ಮಾಡಿದರು. ಇಂಗ್ಲಿಷ್ ವಿಡಿಯೊಗಳಲ್ಲಿ ಅದೇ ವಿಷಯವನ್ನು ನಾನು ಹಿಂದೆ ಮುಂದೆ ಓಡಿಸಿ ನೋಡಿದರೂ ಅಷ್ಟು ಸ್ಪಷ್ಟವಾಗಿರಲಿಲ್ಲ. ಆದರೆ ಆ ಮೇಷ್ಟ್ರು ನಡುವಿನಲ್ಲೇ ಬೆಂಗಳೂರಿನ ಕೆಲಸ ಹಿಡಿದು ಹೋದರು, ನಂತರ ಬಂದವರು ಸ್ಲೈಡುಗಳನ್ನು ಓದಿದರು, ಕೊನೆಯ ಪ್ರಾಜೆಕ್ಟಿಗೆ ಬ್ಯಾಚಿನವರೆಲ್ಲರೂ ಒಂದೇ ಕಡತವನ್ನು ಹಂಚಿಕೊಂಡು ಬಣ್ಣ ಬದಲಿಸಿ ಒಪ್ಪಿಸಿದರು. ಯಾರೂ ತಿದ್ದಲಿಲ್ಲ, ಎಲ್ಲರಿಗೂ ಪ್ರಮಾಣಪತ್ರ ಬಂತು. ಜಾಹೀರಾತಿನಲ್ಲಿದ್ದ ಉದ್ಯೋಗ ಖಾತರಿ ಎಂಬುದು ವಾಟ್ಸ್‌ಆ್ಯಪ್ ಗುಂಪಿಗೆ ಬರುವ ಉದ್ಯೋಗ ಪ್ರಕಟಣೆಗಳಿಗೆ ಸೀಮಿತವಾಗಿತ್ತು. ಇನ್ನೊಂದು ಸಂಗತಿಯನ್ನು ಸೇರುವ ಮೊದಲೇ ತಿಳಿದಿರುವುದು ಒಳ್ಳೆಯದು: ಪವರ್ ಬಿಐ ಡೆಸ್ಕ್‌ಟಾಪ್ ಉಚಿತವಾದರೂ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ, ತಯಾರಿಸಿದ ವರದಿಯನ್ನು ಜಾಲದಲ್ಲಿ ಪ್ರಕಟಿಸಲು ಕಚೇರಿ ಅಥವಾ ಕಾಲೇಜಿನ ಇಮೇಲ್ ಬೇಕು, ಜಿಮೇಲ್ ಖಾತೆ ನಡೆಯುವುದಿಲ್ಲ. ಹೀಗಾಗಿ ಖಾಸಗಿಯಾಗಿ ಕಲಿಯುವವರ ವರದಿ ಅವರ ಲ್ಯಾಪ್‌ಟಾಪಿನಲ್ಲೇ ಉಳಿದುಬಿಡುತ್ತದೆ.

ಗೂಗಲ್‌ನ ಪ್ರಮಾಣಪತ್ರ 2021ರಲ್ಲಿ ಆರಂಭವಾದದ್ದು. ತಿಂಗಳ ಚಂದಾ ಕಟ್ಟಿ ಓದುವ ವ್ಯವಸ್ಥೆಯಾದ್ದರಿಂದ ಬೇಗ ಮುಗಿಸಿದವರಿಗೆ ಖರ್ಚು ಕಡಿಮೆ. ವಾರಕ್ಕೆ ಹತ್ತು ಗಂಟೆಗಿಂತ ಕಡಿಮೆ ಓದಿದರೂ ಸುಮಾರು ಆರು ತಿಂಗಳಲ್ಲಿ ಮುಗಿಯುತ್ತದೆ ಎಂಬುದು ಅವರ ಅಂದಾಜು. ಇಲ್ಲಿ ಕಲಿಸುವುದು ಲೆಕ್ಕಕ್ಕಿಂತ ಹೆಚ್ಚಾಗಿ ಕೆಲಸದ ಕ್ರಮವನ್ನು. ಮೊದಲು ಸರಿಯಾದ ಪ್ರಶ್ನೆ ಕೇಳುವುದು, ದತ್ತಾಂಶ ಹೊಂದಿಸಿಕೊಳ್ಳುವುದು, ಅದನ್ನು ಶುಚಿಗೊಳಿಸುವುದು, ವಿಶ್ಲೇಷಿಸುವುದು, ಕಂಡದ್ದನ್ನು ಇತರರಿಗೆ ತಿಳಿಸುವುದು, ಕೊನೆಗೆ ಅದರ ಮೇಲೆ ನಿರ್ಧಾರ ಕೈಗೊಳ್ಳುವುದು ಎಂಬ ಆರು ಹಂತಗಳಲ್ಲಿ ಇಡೀ ಪಾಠ ಸಾಗುತ್ತದೆ. ಕಚೇರಿಯ ಭಾಷೆಯೇ ಗೊತ್ತಿಲ್ಲದ ನಮ್ಮಂಥವರಿಗೆ ಇದು ನಿಜಕ್ಕೂ ಉಪಕಾರಿ. ಪರೀಕ್ಷೆಗಳು ಬಹುಮಟ್ಟಿಗೆ ಬಹು ಆಯ್ಕೆಯ ಪ್ರಶ್ನೆಗಳು, ತಪ್ಪಿದರೆ ಮತ್ತೆ ಬರೆಯಬಹುದು. ಮತ್ತೆ ಬರೆಯುವ ಅವಕಾಶ ಇರುವಲ್ಲಿ ಉತ್ತೀರ್ಣನಾದೆ ಎಂಬ ಮಾತಿಗೆ ಎಷ್ಟು ತೂಕ ಎಂಬುದನ್ನು ಕೆಲಸ ಕೊಡುವವರೂ ಬಲ್ಲರು.

ಹಾಗಿದ್ದರೂ ಇದರ ಕೊನೆಯ ಪ್ರಾಜೆಕ್ಟನ್ನು ನಾನು ಮೆಚ್ಚುತ್ತೇನೆ. ಷಿಕಾಗೊ ನಗರದ ಬಾಡಿಗೆ ಸೈಕಲ್ಲುಗಳ ಸವಾರಿ ದಾಖಲೆಗಳನ್ನು ಕೊಟ್ಟು, ವಾರ್ಷಿಕ ಸದಸ್ಯರೂ ಆಗೊಮ್ಮೆ ಈಗೊಮ್ಮೆ ಸವಾರಿ ಮಾಡುವವರೂ ಯಾವ ಬಗೆಯಲ್ಲಿ ಭಿನ್ನರು ಎಂದು ಕೇಳುತ್ತಾರೆ. ಒಂದು ವರ್ಷದ ಸಾಲುಗಳು ಎಕ್ಸೆಲ್ ಹಿಡಿಸಬಲ್ಲ 10,48,576 ಸಾಲುಗಳ ಮಿತಿಯನ್ನು ಎಷ್ಟೋ ಪಾಲು ಮೀರುತ್ತವೆ. ದೊಡ್ಡ ದತ್ತಾಂಶವನ್ನು ಎಸ್‌ಕ್ಯೂಎಲ್‌ನಿಂದ ಜಾಲಾಡುವ ಗೂಗಲ್‌ನ ಬಿಗ್‌ಕ್ವೆರಿ ಸೇವೆಯನ್ನು ಕಾರ್ಡಿನ ವಿವರ ಕೊಡದೆ ಉಚಿತವಾಗಿ ಬಳಸಬಹುದು. ಆದರೆ ನಮ್ಮ ಕಂಪ್ಯೂಟರಿನಿಂದ ನೇರವಾಗಿ ಏರಿಸುವ ಕಡತ 100 ಎಂಬಿ ಮೀರಬಾರದು. ಹಾಗಾಗಿ ದೊಡ್ಡ ತಿಂಗಳುಗಳ ಕಡತಗಳನ್ನು ಒಡೆದು ಏರಿಸಿ, ಮತ್ತೆ ಒಂದುಗೂಡಿಸಿ, ಸವಾರಿ ಮುಗಿದ ಸಮಯವು ಆರಂಭದ ಸಮಯಕ್ಕಿಂತ ಹಿಂದಿರುವ ಅಸಂಬದ್ಧ ಸಾಲುಗಳನ್ನು ತೆಗೆಯಬೇಕಾಗುತ್ತದೆ. ಎಕ್ಸೆಲ್ ಬಿಟ್ಟು ಎಸ್‌ಕ್ಯೂಎಲ್ ಏಕೆ ಬೇಕು ಎಂಬುದು ಆಗ ಯಾರೂ ಹೇಳದೆಯೇ ಅರ್ಥವಾಗುತ್ತದೆ. ಈ ಪ್ರಾಜೆಕ್ಟನ್ನು ಮಾಡದೆಯೂ ಮುಂದೆ ಹೋಗುವವರಿದ್ದಾರೆ. ಹಾಗೆ ಹೋದವರು ಕಟ್ಟಿದ ಹಣದ ಮುಖ್ಯ ಭಾಗವನ್ನೇ ಬಿಟ್ಟುಕೊಟ್ಟಂತೆ. ಇಲ್ಲಿ ನಾನು ಕಲಿತ ಪ್ರೋಗ್ರಾಮಿಂಗ್ ಭಾಷೆಯ ಹೆಸರು ಆರ್. ಪೈಥಾನ್ ಆಗ ಇದ್ದದ್ದು 2023ರಲ್ಲಿ ಬಂದ ಮುಂದಿನ ಹಂತದ ಪ್ರಮಾಣಪತ್ರದಲ್ಲಿ. ನಾನು ನೋಡಿದ ಉದ್ಯೋಗ ಪ್ರಕಟಣೆಗಳಲ್ಲಿ ಆರ್‌ಗಿಂತ ಪೈಥಾನ್ ಕೇಳುವವರೇ ಹೆಚ್ಚು.

ಎನ್‌ಪಿಟಿಇಎಲ್ ಇದಕ್ಕೆ ತೀರ ವಿರುದ್ಧ ದಿಕ್ಕಿನದು. ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ ಈ ಯೋಜನೆ 2014ರಿಂದ ಪ್ರಮಾಣಪತ್ರ ಕೊಡುತ್ತಿದೆ, ಈಗ ಸ್ವಯಂ ಎಂಬ ಕೇಂದ್ರ ಸರ್ಕಾರದ ಜಾಲತಾಣದ ಮೂಲಕ ನಡೆಯುತ್ತದೆ. ಪಾಠಕ್ಕೆ ಹಣವಿಲ್ಲ, ಪರೀಕ್ಷೆಗೆ ಮಾತ್ರ ಶುಲ್ಕ. ನಾನು ಬರೆದಾಗ ಅದು 1000 ರೂಪಾಯಿ ಇತ್ತು. ಪ್ರತಿ ವಾರದ ಅಸೈನ್‌ಮೆಂಟಿಗೆ ಕಟ್ಟುನಿಟ್ಟಿನ ಕೊನೆಯ ದಿನಾಂಕ ಇರುತ್ತದೆ. ಅಂತಿಮ ಅಂಕದಲ್ಲಿ ಅಸೈನ್‌ಮೆಂಟುಗಳಿಗೆ 25, ಮೇಲ್ವಿಚಾರಕರ ಮುಂದೆ ಕುಳಿತು ಬರೆಯುವ ಪರೀಕ್ಷೆಗೆ 75. ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಬರದಿದ್ದರೆ ಪ್ರಮಾಣಪತ್ರವಿಲ್ಲ. ಹನ್ನೆರಡು ವಾರಗಳ ಕೋರ್ಸಿನಲ್ಲಿ ಉತ್ತಮವಾದ ಎಂಟು ಅಸೈನ್‌ಮೆಂಟುಗಳನ್ನು ಮಾತ್ರ ಪರಿಗಣಿಸುತ್ತಾರೆ, ಆದ್ದರಿಂದ ಮನೆಯಲ್ಲಿ ಮದುವೆಯೋ ಊರಿನಲ್ಲಿ ಜಾತ್ರೆಯೋ ಇರುವ ವಾರವನ್ನು ಬಿಡಬಹುದು. ಎರಡೂ ಭಾಗಗಳ ಅಂಕಗಳು ಪ್ರಮಾಣಪತ್ರದ ಮೇಲೆಯೇ ಅಚ್ಚಾಗುವುದರಿಂದ ಅದನ್ನು ನೋಡುವವರು ಅಂದಾಜು ಮಾಡುತ್ತ ಕೂರಬೇಕಾಗಿಲ್ಲ.

ನಾನು ಓದಿದ್ದು ಐಐಟಿ ರೋಪಡ್‌ನ ಪ್ರೊ. ಸುದರ್ಶನ್ ಅಯ್ಯಂಗಾರ್ ಅವರ ಪೈಥಾನ್ ಕೋರ್ಸನ್ನು. ಹಾವು ಏಣಿ ಆಟ, ಶಾಲೆಯ ಹಿಂದಿನ ಬೆಂಚಿನಲ್ಲಿ ಎರಡು ಹೆಸರುಗಳ ಅಕ್ಷರ ಹೊಡೆದು ಆಡುತ್ತಿದ್ದ ಫ್ಲೇಮ್ಸ್ ಆಟ, ಇಂಥವುಗಳ ಮೂಲಕವೇ ಪ್ರೋಗ್ರಾಮಿಂಗ್ ಹೇಳಿಕೊಡುವ ಅವರ ರೀತಿ ವಾಣಿಜ್ಯ ಓದಿದವರನ್ನೂ ಹೆದರಿಸುವುದಿಲ್ಲ. ಎನ್‌ಪಿಟಿಇಎಲ್‌ನ ಹಲವು ಕೋರ್ಸುಗಳ ಪಾಠದ ಬರಹ ರೂಪ ಕನ್ನಡದಲ್ಲೂ ಸಿಗುತ್ತದೆ, ಕೇಳಿದಾಗ ಜಾರಿಹೋದದ್ದನ್ನು ಓದಿ ಹಿಡಿಯಲು ಅದು ನೆರವಾಗುತ್ತದೆ. ಜನವರಿ, ಜುಲೈ ಎಂಬ ಎರಡು ಸುತ್ತುಗಳಲ್ಲಿ ಯಾವುದು ಎಂದು ಆರಿಸುವಾಗ ಮಾತ್ರ ನಮ್ಮ ಕಡೆಯವರು ಎಚ್ಚರ ವಹಿಸಬೇಕು. ಜುಲೈ ಸುತ್ತಿನ ಹನ್ನೆರಡು ವಾರಗಳ ಕೋರ್ಸು ಮೆಕ್ಕೆಜೋಳದ ಸುಗ್ಗಿಯೊಳಗೆ ಬಂದು ಮುಗಿಯುತ್ತದೆ. ಜನವರಿ ಸುತ್ತಿನ ಎಂಟು ವಾರಗಳ ಕೋರ್ಸಿನ ಪರೀಕ್ಷೆ ಮಾರ್ಚ್‌ನಲ್ಲಿ, ಅಂದರೆ ಲೆಕ್ಕಪತ್ರದವರಿಗೆ ವರ್ಷಾಂತ್ಯದ ತಲೆಬಿಸಿ ಇರುವಾಗ ಬೀಳುತ್ತದೆ. ಜನವರಿಯಲ್ಲಿ ಹನ್ನೆರಡು ವಾರಗಳದ್ದನ್ನು ಹಿಡಿದರೆ ಪರೀಕ್ಷೆ ಏಪ್ರಿಲ್‌ಗೆ ಹೋಗುತ್ತದೆ, ಮಂಡಿಯವರಿಗೆ ಅದೇ ಅನುಕೂಲ. ನಾನು ಪರೀಕ್ಷೆಗೆ ಹುಬ್ಬಳ್ಳಿಯನ್ನು ಆರಿಸಿಕೊಂಡು ಬೆಳಗಿನ ರೈಲು ಹಿಡಿದು ಮಧ್ಯಾಹ್ನದ ಪಾಳಿಯಲ್ಲಿ ಬರೆದೆ. ಮೂರು ಗಂಟೆಗಳ ಕಾಲ ಫೋನಿಲ್ಲದೆ, ಗೂಗಲ್ ಇಲ್ಲದೆ ಕಂಪ್ಯೂಟರಿನ ಮುಂದೆ ಕುಳಿತಾಗ ನಮಗೆ ನಿಜವಾಗಿ ಬರುವುದೆಷ್ಟು ಎಂಬುದು ತಿಳಿದುಬಿಡುತ್ತದೆ. ಪರೀಕ್ಷೆಯಲ್ಲಿ ಕೇಳುವುದು ಮಾತ್ರ ಕೋಡ್ ಓದಿ ಉತ್ತರ ಗುರುತಿಸುವ ಪ್ರಶ್ನೆಗಳನ್ನೇ ಹೊರತು ದೊಡ್ಡದೊಂದನ್ನು ಕಟ್ಟುವುದನ್ನಲ್ಲ. ಈ ಕೊರತೆಯನ್ನು ಬೇರೆ ಕಡೆ ತುಂಬಿಕೊಳ್ಳಬೇಕು.

ನನಗೆ ಅದನ್ನು ತುಂಬಿಕೊಟ್ಟದ್ದು ಸಿಎಸ್50. ಈ ಮಾಲಿಕೆಯ ಮೂಲ ಕೋರ್ಸು ಸಿ ಭಾಷೆಯ ಮೂಲಕ ಹೋಗುತ್ತದೆ, ಡೇಟಾ ಅನಾಲಿಸ್ಟ್ ಆಗಬೇಕೆನ್ನುವವರಿಗೆ ಕಂಪ್ಯೂಟರಿನ ಮೆಮೊರಿ ಕುರಿತ ಅದರ ಪಾಠಗಳು ತಕ್ಷಣ ಬೇಕಾಗುವುದಿಲ್ಲ. ಎಸ್‌ಕ್ಯೂಎಲ್ ಕುರಿತ ಪ್ರತ್ಯೇಕ ಕೋರ್ಸನ್ನು ಹಿಡಿದರೆ ಸಾಕು. ಕಲಿಯಲೂ ಖರ್ಚಿಲ್ಲ, ಅವರ ಸ್ವಂತ ಪ್ರಮಾಣಪತ್ರಕ್ಕೂ ಖರ್ಚಿಲ್ಲ, ಬ್ರೌಸರಿನಲ್ಲೇ ಎಲ್ಲವೂ ನಡೆಯುವುದರಿಂದ ನನ್ನ ಹಳೆಯ ಲ್ಯಾಪ್‌ಟಾಪು ಸಹ ಸಾಕಾಯಿತು. ಆರಂಭದಲ್ಲೇ ಬರುವ ಒಂದು ಲೆಕ್ಕದಲ್ಲಿ ನೀವು ಬಾಸ್ಟನ್ ನಗರದ ಅಂಚೆ ಗುಮಾಸ್ತರು. ಕಳೆದುಹೋದ ಮೂರು ಪಾರ್ಸೆಲುಗಳು ಎಲ್ಲಿಂದ ಹೊರಟವು, ಯಾರ ಕೈ ದಾಟಿದವು, ಕೊನೆಗೆ ಎಲ್ಲಿ ಬಿದ್ದವು ಎಂಬುದನ್ನು ವಿಳಾಸ, ಪಾರ್ಸೆಲು ಮತ್ತು ಸಾಗಣೆಯ ಕೋಷ್ಟಕಗಳನ್ನು ಜಾಲಾಡಿ ಹುಡುಕಬೇಕು. ಕಾಣೆಯಾದ ತೂಕದ ಚೀಟಿಯನ್ನು ಹುಡುಕಿ ಅಭ್ಯಾಸವಿರುವ ಮಂಡಿಯವರಿಗೆ ಇದು ಹೊಸದೇನಲ್ಲ, ಹುಡುಕುವ ಸಾಧನ ಮಾತ್ರ ಹೊಸದು.

ಇಲ್ಲಿ ತಿದ್ದುವುದು ಯಂತ್ರ, ಮತ್ತು ಅದಕ್ಕೆ ದಾಕ್ಷಿಣ್ಯವಿಲ್ಲ. ಉತ್ತರ ಒಪ್ಪಿಸಿದ ಕೂಡಲೇ ಪರದೆಯ ಮೇಲೆ ಒಂದೊಂದು ಪರೀಕ್ಷೆಗೂ ಒಂದೊಂದು ಸಾಲು ಮೂಡುತ್ತದೆ. ಸರಿಯಾದದ್ದರ ಮುಂದೆ ಹಸಿರು ಬಣ್ಣದ ನಗುವ ಮುಖ, ತಪ್ಪಿದ್ದರ ಮುಂದೆ ಕೆಂಪು ಬಣ್ಣದ ಅಳುವ ಮುಖ. ಎಲ್ಲಿ ಜಾರಿದೆ ಎಂಬುದು ಗೊತ್ತಾಗುತ್ತದೆ, ಉತ್ತರ ಮಾತ್ರ ಸಿಗುವುದಿಲ್ಲ. ತರಬೇತಿ ಕೇಂದ್ರದಲ್ಲಿ ಯಾರೂ ತಿದ್ದದೆ ಬಿಟ್ಟದ್ದನ್ನು ಈ ಕೆಂಪು ಸಾಲುಗಳು ತಿದ್ದಿದವು. ಕೊನೆಯಲ್ಲಿ ಸ್ವಂತ ಡೇಟಾಬೇಸ್ ವಿನ್ಯಾಸ ಮಾಡಿ, ಅದನ್ನು ವಿವರಿಸುವ ಕಿರು ವಿಡಿಯೊವನ್ನು ಕಳುಹಿಸಬೇಕು, ನಾನು ಇಂಗ್ಲಿಷಿನಲ್ಲೇ ಮಾತನಾಡಿ ಕಳುಹಿಸಿದೆ. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಸಂದರ್ಶನಕ್ಕೆ ಅದಕ್ಕಿಂತ ಒಳ್ಳೆಯ ತಾಲೀಮು ಸಿಗಲಿಲ್ಲ. ವಾರದ ಗಡುವು ಇಲ್ಲದಿರುವುದೇ ಇದರ ದೌರ್ಬಲ್ಯ. ನಾನು ಇದನ್ನು ಎನ್‌ಪಿಟಿಇಎಲ್‌ನ ವಾರಗಳಿಗೆ ಜೋಡಿಸಿಕೊಂಡು, ಅಲ್ಲಿನ ಅಸೈನ್‌ಮೆಂಟ್ ಒಪ್ಪಿಸಿದ ಮರುದಿನ ಇಲ್ಲಿನ ಲೆಕ್ಕ ಎಂದು ಇಟ್ಟುಕೊಂಡದ್ದರಿಂದ ಮುಗಿಸಲು ಸಾಧ್ಯವಾಯಿತು.

ಆ ಡೇಟಾಬೇಸನ್ನು ಮಾಲೀಕರ ಒಪ್ಪಿಗೆ ಪಡೆದು, ರೈತರ ಹೆಸರುಗಳನ್ನು ತೆಗೆದು, ನಮ್ಮ ಮಂಡಿಯ ಮೆಕ್ಕೆಜೋಳದ ಆವಕದಿಂದಲೇ ಕಟ್ಟಿದೆ. ಯಾವ ಕೋರ್ಸಿನ ಸಿದ್ಧ ದತ್ತಾಂಶವೂ ಕೊಡದ ತೊಂದರೆಗಳನ್ನು ಅದು ಕೊಟ್ಟಿತು. ಹರಪನಹಳ್ಳಿ ಎಂಬ ಒಂದೇ ಊರನ್ನು ಗುಮಾಸ್ತರು ಇಂಗ್ಲಿಷಿನಲ್ಲಿ ನಾಲ್ಕಾರು ಬಗೆಯಲ್ಲಿ ಬರೆದಿದ್ದರು, ಊರಿನ ಪ್ರಕಾರ ಒಟ್ಟು ಕೂಡಿಸಿದರೆ ಅದು ನಾಲ್ಕಾರು ಊರುಗಳಾಗಿ ನಿಲ್ಲುತ್ತಿತ್ತು. ಆ ತಾಲ್ಲೂಕು ದಾವಣಗೆರೆ ಜಿಲ್ಲೆಯಿಂದ ಬಳ್ಳಾರಿಗೆ, ಅಲ್ಲಿಂದ ವಿಜಯನಗರಕ್ಕೆ ಸೇರಿದ್ದರಿಂದ ಜಿಲ್ಲೆಯ ಕಾಲಮ್ಮೂ ವರ್ಷಕ್ಕೊಂದು ಬಗೆಯಾಗಿತ್ತು. ನವೆಂಬರ್ 3ರಂದು ಬಂದ ಲೋಡುಗಳನ್ನು ಎಕ್ಸೆಲ್ ಅಮೆರಿಕದ ಕ್ರಮದಲ್ಲಿ ಓದಿ ಮಾರ್ಚ್ 11 ಎಂದು ತಿಳಿದುಕೊಂಡಿತ್ತು, ಸುಗ್ಗಿಯ ಒಂದಷ್ಟು ಭಾಗ ಬೇಸಿಗೆಗೆ ಸರಿದುಹೋಗಿತ್ತು. ಇವನ್ನೆಲ್ಲ ಸರಿಪಡಿಸಿ, ತೇವಾಂಶ ಶೇಕಡಾ 14 ಮೀರಿದಾಗ ಕ್ವಿಂಟಲ್ ಧಾರಣೆ ಎಷ್ಟು ಇಳಿಯುತ್ತದೆ ಎಂಬುದನ್ನು ತಿಂಗಳುವಾರು ತೋರಿಸಿದೆ. ಈಗ ನಾನು ಕೋಳಿ ಆಹಾರ ತಯಾರಿಸುವ ಘಟಕವೊಂದರ ಖರೀದಿ ವಿಭಾಗದಲ್ಲಿ ದತ್ತಾಂಶದ ಕೆಲಸ ಮಾಡುತ್ತಿದ್ದೇನೆ. ಸಂದರ್ಶನದಲ್ಲಿ ಅರ್ಧಕ್ಕಿಂತ ಹೆಚ್ಚು ಸಮಯ ಹೋದದ್ದು, ಎರಡು ಕೋಷ್ಟಕ ಜೋಡಿಸಿದ ಮೇಲೆ ಚೀಟಿಗಳ ಸಂಖ್ಯೆ ಏಕೆ ಕಡಿಮೆಯಾಯಿತು ಎಂಬ ಪ್ರಶ್ನೆಯ ಮೇಲೆ. ಸಂಜೆ ಬ್ಯಾಚಿನ ಬೋರ್ಡಿನ ಮೇಲಿದ್ದ ಹಾಜರಿ ಪಟ್ಟಿಗಳೇ ಆಗ ಬಾಯಿಗೆ ಬಂದವು ಎಂಬುದನ್ನು ಆ ಮೇಷ್ಟ್ರ ಋಣಕ್ಕಾಗಿ ಹೇಳಲೇಬೇಕು.

ಆದ್ದರಿಂದ ನನ್ನ ತೀರ್ಪು ಹೀಗಿದೆ. ಕೆಲಸದಲ್ಲಿರುವವರು ಜನವರಿಯಲ್ಲಿ ಎನ್‌ಪಿಟಿಇಎಲ್ ಮತ್ತು ಸಿಎಸ್50 ಎರಡನ್ನೂ ಒಟ್ಟಿಗೆ ಹಿಡಿಯುವುದು ಉತ್ತಮ, ಪರೀಕ್ಷಾ ಶುಲ್ಕ ಮತ್ತು ರೈಲಿನ ಖರ್ಚು ಬಿಟ್ಟರೆ ಜೇಬಿಗೆ ಭಾರವಿಲ್ಲ. ಕಂಪನಿಯ ವಾತಾವರಣವೇ ಕಾಣದವರು ಅದಾದ ಮೇಲೆ ಗೂಗಲ್‌ನದನ್ನು ಒಂದೆರಡು ತಿಂಗಳ ಚಂದಾದಲ್ಲಿ ಬಿರುಸಾಗಿ ಮುಗಿಸಬಹುದು. ಇಂಗ್ಲಿಷ್ ಕೇಳಿ ಅರ್ಥ ಮಾಡಿಕೊಳ್ಳುವುದು ತೀರ ಕಷ್ಟ ಎನ್ನುವವರಿಗೆ ಮಾತ್ರ ತರಬೇತಿ ಕೇಂದ್ರವನ್ನು ಹೇಳುತ್ತೇನೆ. ಅದೂ ಪೂರ್ತಿ ಹಣವನ್ನು ಒಮ್ಮೆಗೇ ಕಟ್ಟದೆ, ಪಾಠ ಮಾಡುವವರು ಯಾರು ಎಂದು ಮೊದಲು ಕೇಳಿ, ಎರಡು ತರಗತಿ ಕುಳಿತು ನೋಡಿದ ಮೇಲೆ.

ಇನ್ನು ಐಐಟಿ ಮದ್ರಾಸಿನದು. 2020ರಲ್ಲಿ ಆರಂಭವಾದ ಈ ಬಿಎಸ್ ಪದವಿಗೆ ಜೆಇಇ ಬೇಕಿಲ್ಲ. ನಾಲ್ಕು ವಾರಗಳ ಪಾಠ ಓದಿ ಅರ್ಹತಾ ಪರೀಕ್ಷೆ ಪಾಸಾದರೆ ಪ್ರವೇಶ ಸಿಗುತ್ತದೆ, ಪೂರ್ತಿ ಪದವಿಯವರೆಗೆ ಹೋಗಲಾಗದವರು ಡಿಪ್ಲೊಮಾ ಹಂತದಲ್ಲಿ ಹೊರಬರಬಹುದು. ಅದರ ಕಂಪ್ಯುಟೇಷನಲ್ ಥಿಂಕಿಂಗ್ ಪಾಠದಲ್ಲಿ ಇಬ್ಬರು ಪ್ರಾಧ್ಯಾಪಕರು ಅಂಗಡಿ ಬಿಲ್ಲುಗಳ ಕಾರ್ಡುಗಳನ್ನು ಒಂದು ರಾಶಿಯಿಂದ ಎತ್ತಿ ಇನ್ನೊಂದು ರಾಶಿಗೆ ಹಾಕುತ್ತ ತರ್ಕ ಕಲಿಸುವ ಬಗೆ ನನಗೆ ಬಹಳ ಹಿಡಿಸಿತು. ಆದರೆ ಗಣಿತ ಮತ್ತು ಸಂಖ್ಯಾಶಾಸ್ತ್ರದ ಹೊರೆ ದೊಡ್ಡದು, ಪರೀಕ್ಷೆಗಳನ್ನು ಕೇಂದ್ರಕ್ಕೆ ಹೋಗಿಯೇ ಬರೆಯಬೇಕು, ಸಂಸಾರ ಹೊತ್ತವರಿಗೆ ವರ್ಷಗಟ್ಟಲೆ ಅದನ್ನು ನಡೆಸುವುದು ಕಷ್ಟ. ಪಿಯುಸಿ ಮುಗಿಸಿದ ನನ್ನ ಚಿಕ್ಕಪ್ಪನ ಮಗಳು ನನ್ನಂತೆ ಬಿ.ಕಾಂ. ಸೇರಲು ಹೊರಟಾಗ, ಆ ಪದವಿಯ ಜೊತೆಗೇ ಇದರ ಅರ್ಹತಾ ಹಂತಕ್ಕೂ ಅರ್ಜಿ ಹಾಕುವಂತೆ ಹೇಳಿದ್ದೇನೆ. ಹತ್ತನೇ ತರಗತಿಯಲ್ಲಿ ಗಣಿತ ಮತ್ತು ಇಂಗ್ಲಿಷ್ ಓದಿದ್ದರೆ ವಾಣಿಜ್ಯ ವಿಭಾಗದವರಿಗೂ ಅಲ್ಲಿ ಅವಕಾಶವಿದೆ.