ಮಾರುವ ಮನೆಗೆ ಟೈಲ್ಸ್ ಹಾಕಿಸುವ ಮುಂಚೆ ಇದನ್ನು ಓದಿ

ಹಳೇ ಮನೆ ಮಾರಬೇಕು ಅಂತಿರುವವರು ಮೇಸ್ತ್ರಿಗೆ ಅಡ್ವಾನ್ಸ್ ಕೊಡುವ ಮೊದಲು ದಯವಿಟ್ಟು ಇದನ್ನು ಓದಿ. ನಾವು 11.5 ಲಕ್ಷ ಸುರಿದು ಕೂತಿದ್ದೇವೆ.

ಮೈಸೂರಿನ ಕುವೆಂಪುನಗರದಲ್ಲಿ 30×40 ಸೈಟಿನಲ್ಲಿ ಅಪ್ಪ ಕಟ್ಟಿಸಿದ ಮನೆ. ಅಪ್ಪ ಹೋದ ಮೇಲೆ ಅಮ್ಮ ನಮ್ಮ ಜೊತೆ ಬೆಂಗಳೂರಿಗೆ ಬಂದರು, ಮನೆ ಮಾರುವುದು ಅಂತಾಯಿತು. ಇದ್ದ ಹಾಗೇ ಕೊಟ್ಟರೆ 1 ಕೋಟಿ 5 ಲಕ್ಷ ಬರುತ್ತೆ ಅಂತ ಬ್ರೋಕರ್ ಹೇಳಿದ್ದರು. ‘ಒಳಗೆಲ್ಲಾ ಹೊಸದು ಮಾಡಿಸಿ, ಇನ್ನೊಂದು 20 ಲಕ್ಷ ಕಣ್ಣುಮುಚ್ಚಿ ಸಿಗುತ್ತೆ’ ಅಂದಿದ್ದು ಕಾಂಟ್ರಾಕ್ಟರ್. ನಂಬಿಬಿಟ್ಟೆವು.

ಹಾಲಿನ ರೆಡ್ ಆಕ್ಸೈಡ್ ನೆಲವನ್ನು ಅಮ್ಮ ಮೂವತ್ತು ವರ್ಷ ಒರೆಸಿ ಒರೆಸಿ ಮುಖ ಕಾಣುವಷ್ಟು ನುಣುಪು ಮಾಡಿದ್ದರು. ಅದನ್ನು ಒಡೆಸಿ ವಿಟ್ರಿಫೈಡ್ ಟೈಲ್ಸ್ ಹಾಕಿಸಿದೆವು. ಒಡೆಯುವ ದಿನ ಅಮ್ಮ ಬರಲಿಲ್ಲ. ಆಮೇಲೆ ಮಾಡ್ಯುಲರ್ ಕಿಚನ್, ಫಾಲ್ಸ್ ಸೀಲಿಂಗ್, ಎರಡು ಬಾತ್‌ರೂಮ್.

ಮೊದಲು ನೋಡಲು ಬಂದವರು ಗೇಟಿನ ಹೊರಗೆ ನಿಂತು ರಸ್ತೆಯ ಅಗಲವನ್ನು ಹೆಜ್ಜೆ ಹಾಕಿ ಅಳೆದರು. ಮೊಬೈಲಿನಲ್ಲಿ ದಿಕ್ಕು ನೋಡಿದರು. ಅಡುಗೆಮನೆಗೆ ಕಾಲೇ ಇಡಲಿಲ್ಲ. ‘ನಾವು ಹೇಗೂ ಕೆಡವಿ ಕಟ್ಟೋದು ಸಾರ್, ಸೈಟಿಗೆ ಚದರ ಅಡಿಗೆ ಎಷ್ಟು ಹೇಳ್ತೀರಿ?’ ಅಂದರು. ಇನ್ನೊಬ್ಬರು ಫಾಲ್ಸ್ ಸೀಲಿಂಗನ್ನು ಬೆರಳಿನ ಗಿಣ್ಣಿನಿಂದ ತಟ್ಟಿ, ‘ಮೇಲೆ ನೀರು ಜಿನುಗ್ತಿತ್ತಾ?’ ಅಂತ ಕೇಳಿದರು. ನಿಜಕ್ಕೂ ಒಂದು ಮೂಲೆಯಲ್ಲಿ ತಾರಸಿ ಸೋರುತ್ತಿತ್ತು. ಅದನ್ನು ಸರಿ ಮಾಡದೆ ಕಾಂಟ್ರಾಕ್ಟರ್ ಮುಚ್ಚಿದ್ದ. ಸೋರಿಕೆ ನಿಲ್ಲಿಸಲು ಹಣ ಹಾಕಿದ್ದರೆ ಅದಕ್ಕಾದರೂ ಅರ್ಥವಿರುತ್ತಿತ್ತು.

ಮೂರನೆಯವರಿಗೆ ಮನೆ ಇಷ್ಟವಾಗಿತ್ತು, ಆದರೆ ಬ್ಯಾಂಕ್ ಲೋನ್ ಬೇಕಿತ್ತು. ಬ್ಯಾಂಕಿನಿಂದ ಬಂದ ವ್ಯಾಲ್ಯುಯರ್ ಸೈಟಿಗೆ ಪ್ರತ್ಯೇಕವಾಗಿ ಬೆಲೆ ಕಟ್ಟಿ, ಕಟ್ಟಡಕ್ಕೆ ಅದರ ವಯಸ್ಸು ನೋಡಿ ಸವಕಳಿ ಕಳೆದರು. ನಮ್ಮ ಹೊಸ ಕಿಚನ್ನಿನಿಂದ ಆ ಲೆಕ್ಕ ಹೆಚ್ಚೇನೂ ಏರಲಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಕಾಗದಪತ್ರ ನೋಡಿದ ಲಾಯರ್ ಕಡೆಯಿಂದ ಬಿತ್ತು: ಮನೆಯ ಖಾತೆ (ಆಸ್ತಿ ತೆರಿಗೆಯ ದಾಖಲೆ) ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ಟೈಲ್ಸ್ ಬಣ್ಣ ಆರಿಸಲು ನಾಲ್ಕು ಅಂಗಡಿ ಸುತ್ತಿದ ನಾವು ಖಾತೆ ಬದಲಾವಣೆಗೆ ಒಂದು ಅರ್ಜಿ ಹಾಕಿರಲಿಲ್ಲ. ಖಾತೆ ಬದಲಾಗುವ ತನಕ ಕಾಯದೆ ಆ ಮೂರನೆಯವರು ಬೇರೆ ಮನೆ ತೆಗೆದುಕೊಂಡರು.

ಎಂಟು ತಿಂಗಳ ಮೇಲೆ 1 ಕೋಟಿ 7 ಲಕ್ಷಕ್ಕೆ ಮಾರಿದೆವು. ಕೊಂಡವರು ಕೆಡವುತ್ತಿದ್ದಾರೆ ಅಂತ ಪಕ್ಕದ ಮನೆ ಆಂಟಿ ಫೋನ್ ಮಾಡಿ ಹೇಳಿದರು.

ವಾಸಕ್ಕೆ ಬೇಕಾದರೆ ಏನು ಬೇಕೋ ಮಾಡಿಸಿಕೊಳ್ಳಿ, ಅದು ನಿಮ್ಮ ಸಂತೋಷ. ಮಾರುವುದಕ್ಕಾದರೆ ಮೊದಲು ಖಾತೆ, ಇಸಿ (ಋಣಭಾರ ಪ್ರಮಾಣಪತ್ರ), ಕಂದಾಯ ರಸೀದಿ, ಮಂಜೂರಾದ ಪ್ಲಾನ್ ಒಂದೆಡೆ ಇಟ್ಟುಕೊಳ್ಳಿ. ಸೋರಿಕೆ ಇದ್ದರೆ ನಿಲ್ಲಿಸಿ, ಸುಣ್ಣಬಣ್ಣ ಹೊಡೆಸಿ, ಅಲ್ಲಿಗೆ ಸಾಕು. ಇಷ್ಟಾದ ಮೇಲೂ ದೊಡ್ಡ ಕೆಲಸ ಮಾಡಿಸುವವರು ಪ್ರತಿಯೊಂದಕ್ಕೂ ಬಿಲ್ ತೆಗೆದುಕೊಂಡು ಬ್ಯಾಂಕ್ ಮೂಲಕವೇ ಹಣ ಕೊಡಿ. ಮನೆ ಮಾರಿದ ಲಾಭಕ್ಕೆ ತೆರಿಗೆ ಲೆಕ್ಕ ಹಾಕುವಾಗ ಸುಧಾರಣೆಯ ಖರ್ಚನ್ನು ಕಳೆಯಲು ಅವಕಾಶವಿದೆ. ನಾವು ಬಹುಪಾಲು ನಗದಾಗಿ ಕೊಟ್ಟಿದ್ದರಿಂದ ಆಡಿಟರ್ ಮುಂದೆ ಇಡಲು ನಮ್ಮ ಹತ್ತಿರ ಇದ್ದದ್ದು ಮೇಸ್ತ್ರಿ ಬರೆದುಕೊಟ್ಟ ಒಂದು ಚೀಟಿ ಮಾತ್ರ.