ಬ್ರಿಟಿಷ್ ಕಾಮಿಕ್ಸ್: ಯಾವುದರಿಂದ ಶುರು ಮಾಡಬೇಕು?

ಬ್ರಿಟಿಷ್ ಕಾಮಿಕ್ಸ್ ಓದಬೇಕು ಅಂತ ಹೊರಟವರಿಗೆ ಮೊದಲು ಎದುರಾಗುವುದು ಪತ್ರಿಕೆಗಳ ಹೆಸರುಗಳ ಜಾತ್ರೆ. ಡ್ಯಾಂಡಿ, ಬೀನೊ, ಈಗಲ್, ಲಯನ್, ಟೈಗರ್, ವೇಲಿಯಂಟ್, ಬ್ಯಾಟಲ್, ಬಂಟಿ, ಮಿಸ್ಟಿ, ಕಮಾಂಡೊ, 2000 ಎ.ಡಿ. ಸಾಲದ್ದಕ್ಕೆ ಒಂದು ಇನ್ನೊಂದರೊಳಗೆ ಸೇರಿಕೊಂಡ ಗೋಜಲು ಬೇರೆ. 1969ರಲ್ಲಿ ಈಗಲ್ ಹೋಗಿ ಲಯನ್‌ಗೆ ಸೇರಿತು. 1974ರಲ್ಲಿ ಲಯನ್ ವೇಲಿಯಂಟ್‌ಗೆ, 1976ರಲ್ಲಿ ವೇಲಿಯಂಟ್ ಬ್ಯಾಟಲ್‌ಗೆ. 1988ರಲ್ಲಿ ಬ್ಯಾಟಲ್ ಸೇರಿದ್ದು ಯಾವುದಕ್ಕೆ ಗೊತ್ತಾ? 1982ರಲ್ಲಿ ಹೊಸದಾಗಿ ಶುರುವಾಗಿದ್ದ ಈಗಲ್‌ಗೇ! ಮಾರಾಟ ಇಳಿದ ಪತ್ರಿಕೆಯ ಓದುಗರು ಕೈತಪ್ಪಿ ಹೋಗಬಾರದು ಅಂತ ಪ್ರಕಾಶಕರು ಮಾಡುತ್ತಿದ್ದ ಉಪಾಯ ಇದು. ಹಾಗಾಗಿ ಪತ್ರಿಕೆಯ ಹೆಸರು ನೋಡಿ ಆರಿಸಬೇಡಿ. ಬರೆದವರು ಯಾರು, ಚಿತ್ರ ಬಿಡಿಸಿದವರು ಯಾರು ಅಂತ ನೋಡಿ. ಹಳೆ ಸಂಚಿಕೆ, ಮರುಮುದ್ರಣ ಎಲ್ಲ ಸೇರಿಸಿ ಓದಿದ ಮೇಲೆ ನನಗೆ ಗಟ್ಟಿಯಾದ ಮಾತು ಇದು.

ಡ್ಯಾಂಡಿ ಮತ್ತು ಬೀನೊ ಎರಡೂ ಸ್ಕಾಟ್ಲೆಂಡಿನ ಡಂಡೀ ಊರಿನ ಡಿ.ಸಿ. ಥಾಮ್ಸನ್ ಸಂಸ್ಥೆಯವು. ಡ್ಯಾಂಡಿ ಬಂದದ್ದು 1937ರ ಡಿಸೆಂಬರ್‌ನಲ್ಲಿ, ಬೀನೊ 1938ರ ಜುಲೈನಲ್ಲಿ. ಡ್ಯಾಂಡಿಯ ಡೆಸ್ಪರೇಟ್ ಡ್ಯಾನ್ ಕೊಂಬು ಸಮೇತ ಬೇಯಿಸಿದ ಹಸುವಿನ ಪೈ ತಿನ್ನುವ ದೈತ್ಯ. ನಗು ಬರುತ್ತದೆ, ಆದರೆ ಹತ್ತು ಕಥೆ ಓದಿದರೆ ಹನ್ನೊಂದನೆಯದು ಹೇಗಿರುತ್ತದೆ ಅಂತ ಗೊತ್ತಾಗಿಬಿಡುತ್ತದೆ. ಬೀನೊ ಹಾಗಲ್ಲ, ಮುಖ್ಯವಾಗಿ ಚಿತ್ರಕಾರ ಲಿಯೊ ಬ್ಯಾಕ್ಸೆಂಡೇಲ್ ಬಂದ ಮೇಲೆ. ಅವರ ಬ್ಯಾಶ್ ಸ್ಟ್ರೀಟ್ ಮಕ್ಕಳು 1954ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದರು. ಶಾಲೆಯ ಗಂಟೆ ಹೊಡೆದ ಕೂಡಲೇ ಹೊರಗೆ ನುಗ್ಗುವ ಗುಂಪಿನ ದೊಡ್ಡ ಚಿತ್ರ. ಒಬ್ಬ ಬೀಳುತ್ತಿದ್ದಾನೆ, ಇನ್ನೊಬ್ಬ ಅವನ ಮೇಲೆ ಹತ್ತುತ್ತಿದ್ದಾನೆ, ಮೂಲೆಯಲ್ಲಿ ಮತ್ತೇನೋ ಕಿತಾಪತಿ. ಒಂದೇ ಚಿತ್ರದಲ್ಲಿ ಕಣ್ಣು ಎಷ್ಟು ಹೊತ್ತು ಓಡಾಡಬಹುದು ಅಂತ ನನಗೆ ತಿಳಿದದ್ದು ಅಲ್ಲೇ. ಆ ಸಂಸ್ಥೆ ಆಗ ಸಾಮಾನ್ಯವಾಗಿ ಕಲಾವಿದರ ಹೆಸರೇ ಹಾಕುತ್ತಿರಲಿಲ್ಲ, ಎಂಥ ಅನ್ಯಾಯ ಅಲ್ವಾ! ಡ್ಯಾಂಡಿಯ ಮುದ್ರಣ 2012ರಲ್ಲಿ ನಿಂತಿತು. ಬೀನೊ ಈಗಲೂ ವಾರವಾರ ಬರುತ್ತಿದೆ.

ಈಗಲ್ ಮತ್ತು 2000 ಎ.ಡಿ.ಯನ್ನು ಹೋಲಿಸಲು ಸುಲಭವಾದ ದಾರಿ ಡ್ಯಾನ್ ಡೇರ್. ಯಾಕೆಂದರೆ ಈ ಹೀರೋ ಎರಡರಲ್ಲೂ ಇದ್ದಾನೆ. ಪಾದ್ರಿ ಮಾರ್ಕಸ್ ಮಾರಿಸ್ 1950ರ ಏಪ್ರಿಲ್‌ನಲ್ಲಿ ಈಗಲ್ ಶುರು ಮಾಡಿದಾಗ ಬ್ರಿಟನ್‌ನಲ್ಲಿ ಇನ್ನೂ ಆಹಾರಕ್ಕೆ ರೇಷನ್ ಇತ್ತು. ಮೊದಲ ಕಥೆಯಲ್ಲಿ ಡ್ಯಾನ್ ಶುಕ್ರಗ್ರಹಕ್ಕೆ ಹೋಗುವುದೂ ಭೂಮಿಯ ಜನರಿಗೆ ಊಟ ಹುಡುಕಲಿಕ್ಕೆ! ಚಿತ್ರಕಾರ ಫ್ರಾಂಕ್ ಹ್ಯಾಂಪ್ಸನ್ ಆಕಾಶನೌಕೆಗಳ ಮಾದರಿ ಮಾಡಿಸುತ್ತಿದ್ದರು. ಸಹಾಯಕರನ್ನೇ ಪಾತ್ರಗಳಂತೆ ನಿಲ್ಲಿಸಿ ಫೋಟೊ ತೆಗೆಸಿ, ಅದನ್ನು ನೋಡಿ ಬಿಡಿಸುತ್ತಿದ್ದರು. ಆ ಶ್ರಮ ಪುಟದಲ್ಲಿ ಕಾಣುತ್ತದೆ. ಕಥೆಯ ಖಳನಾಯಕ, ಹಸಿರು ಬಣ್ಣದ ಮೆಕಾನ್‌ನ ದೊಡ್ಡ ತಲೆಯ ಮೇಲೆ ಬೀಳುವ ಬೆಳಕು ಕೂಡ ಸುಳ್ಳು ಅನ್ನಿಸುವುದಿಲ್ಲ. ಹ್ಯಾಂಪ್ಸನ್ 1959ರಲ್ಲಿ ಡ್ಯಾನ್ ಡೇರ್ ಬಿಟ್ಟರು. ಆಮೇಲಿನದು ನನಗೆ ರುಚಿಸಲಿಲ್ಲ.

1977ರ ಫೆಬ್ರವರಿಯಲ್ಲಿ ಬಂದ 2000 ಎ.ಡಿ.ಯ ಮೊದಲ ಸಂಚಿಕೆಯಲ್ಲೂ ಡ್ಯಾನ್ ಡೇರ್ ಇದ್ದ. ಬಿಡಿಸಿದವರು ಇಟಲಿಯ ಬೆಲಾರ್ಡಿನೆಲ್ಲಿ. ವಿಚಿತ್ರ ಜೀವಿಗಳು ಅದ್ಭುತ. ಆದರೆ ಡ್ಯಾನ್ ಹಳೆಯ ಡ್ಯಾನ್ ಅಲ್ಲವೇ ಅಲ್ಲ. ಹೆಸರು ಒಂದೇ, ಮನುಷ್ಯ ಬೇರೆ. ಆ ಪತ್ರಿಕೆಯ ನಿಜವಾದ ಜೀವ ಎರಡನೇ ಸಂಚಿಕೆಯಲ್ಲಿ ಕಾಣಿಸಿಕೊಂಡ ಜಡ್ಜ್ ಡ್ರೆಡ್. ಜಾನ್ ವ್ಯಾಗ್ನರ್ ಮತ್ತು ಕಾರ್ಲೊಸ್ ಎಸ್ಕೆರಾ ಸೃಷ್ಟಿಸಿದ ಈ ಪೊಲೀಸನೇ ಅಪರಾಧಿಯನ್ನು ಹಿಡಿಯುತ್ತಾನೆ, ತೀರ್ಪನ್ನೂ ಅವನೇ ಕೊಡುತ್ತಾನೆ. ಓದುತ್ತಾ ಅವನ ಪರ ನಿಲ್ಲಬೇಕೋ ಹೆದರಬೇಕೋ ತಿಳಿಯುವುದಿಲ್ಲ. ನೋಡಲಿಕ್ಕೆ ಈಗಲ್ ಮೇಲು. ಆದರೆ ಓದಿದ ಮೇಲೂ ತಲೆಯಲ್ಲಿ ಕೊರೆಯುತ್ತಾ ಇರುವುದು ಡ್ರೆಡ್.

ಯುದ್ಧದ ಕಥೆಗೆ ಬಂದರೆ ನನ್ನ ಮನಸ್ಸಿನಲ್ಲಿ ಯಾವ ಗೊಂದಲವೂ ಇಲ್ಲ. ಕಮಾಂಡೊ 1961ರಿಂದ ಬರುತ್ತಿದೆ. ನಮ್ಮ ಬಾಡಿಗೆ ಲೈಬ್ರರಿಗಳಲ್ಲಿ ಅಂಚು ಸವೆದ ಕಮಾಂಡೊ ಓದಿದವರು ಬಹಳ ಜನ ಇದ್ದಾರೆ. ಜೇಬಿಗೆ ಹಿಡಿಯುವ ಪುಸ್ತಕ, ಒಂದು ಸಂಚಿಕೆಗೆ ಒಂದು ಪೂರ್ತಿ ಕಥೆ. ಬಸ್ಸಿನಲ್ಲಿ ಶುರು ಮಾಡಿ ಇಳಿಯುವಷ್ಟರಲ್ಲಿ ಮುಗಿಸಬಹುದು. ಹೇಡಿ ಧೈರ್ಯಶಾಲಿಯಾಗುತ್ತಾನೆ, ಜಗಳವಾಡಿದ ಇಬ್ಬರು ಸ್ನೇಹಿತರಾಗುತ್ತಾರೆ. ಖುಷಿಯ ಓದು, ಅಷ್ಟೇ.

ಬ್ಯಾಟಲ್‌ನಲ್ಲಿ 1979ರಿಂದ ಬಂದ 'ಚಾರ್ಲೀಸ್ ವಾರ್' ಅದಕ್ಕಿಂತ ಬಹಳ ಎತ್ತರದ್ದು. ಬರೆದವರು ಪ್ಯಾಟ್ ಮಿಲ್ಸ್, ಚಿತ್ರ ಜೋ ಕಾಲ್ಕೂನ್. ವಯಸ್ಸು ಸುಳ್ಳು ಹೇಳಿ ಸೇನೆಗೆ ಸೇರುವ 16ರ ಹುಡುಗ ಚಾರ್ಲಿ ಬೋರ್ನ್ ಮೊದಲ ಮಹಾಯುದ್ಧದ, 1916ರ ಸೊಮ್ ಕಾಳಗಕ್ಕೆ ಹೋಗಿ ಬೀಳುತ್ತಾನೆ. ಮನೆಗೆ ಬರೆಯುವ ಕಾಗದದಲ್ಲಿ ಕಾಗುಣಿತದ ತಪ್ಪುಗಳು. ಕಾಗದದ ಪಕ್ಕದಲ್ಲೇ ಕಂದಕದ ಕೆಸರು, ಸತ್ತ ಗೆಳೆಯರು. ಶತ್ರುಗಳಷ್ಟೇ ಕ್ರೂರಿಗಳು ಅವನದೇ ಸೇನೆಯ ಅಧಿಕಾರಿಗಳು. ಮಕ್ಕಳ ವಾರಪತ್ರಿಕೆಯಲ್ಲಿ ಇದನ್ನು ಅಚ್ಚು ಹಾಕಿದವರ ಧೈರ್ಯಕ್ಕೆ ಕೈ ಮುಗಿಯಬೇಕು. 1985ರಲ್ಲಿ ಮಿಲ್ಸ್ ಬಿಟ್ಟ ಮೇಲೆ ಕಥೆ ಎರಡನೇ ಮಹಾಯುದ್ಧಕ್ಕೆ ಸಾಗಿತು. ಆ ಭಾಗ ಓದದಿದ್ದರೂ ನಷ್ಟವಿಲ್ಲ.

2000 ಎ.ಡಿ. ಈಗ ರೆಬೆಲಿಯನ್ ಸಂಸ್ಥೆಯ ಕೈಯಲ್ಲಿದೆ. ಬ್ಯಾಟಲ್, ಮಿಸ್ಟಿಯಂಥ ಹಳೆ ಪತ್ರಿಕೆಗಳ ಹಕ್ಕನ್ನೂ ಅವರು ಕೊಂಡು ಪುಸ್ತಕರೂಪದಲ್ಲಿ ತರುತ್ತಿದ್ದಾರೆ. ದೊಡ್ಡವರು ಚಾರ್ಲಿಯಿಂದ ಶುರು ಮಾಡಿ. ಮನೆಯಲ್ಲಿ ಎಂಟು-ಹತ್ತು ವರ್ಷದ ಮಕ್ಕಳಿದ್ದರೆ ಬೀನೊ ಕೊಡಿ. ಡ್ಯಾನ್ ಡೇರ್ ಮಾತ್ರ ದಯವಿಟ್ಟು ಮೊಬೈಲಿನಲ್ಲಿ ನೋಡಬೇಡಿ. ಹ್ಯಾಂಪ್ಸನ್ ಬಿಡಿಸಿದ್ದು ದೊಡ್ಡ ಹಾಳೆಗೆ.