ಟಿ.ವಿ.ಯಲ್ಲಿ ಬರುವ ಹಳೆಯ ಕನ್ನಡ ಚಿತ್ರಗಳು: ಯಾವುದಕ್ಕೆ ಬಿಡುವು ಮಾಡಿಕೊಳ್ಳಬೇಕು?

ಕನ್ನಡದ ಸಿನಿಮಾ ವಾಹಿನಿಗಳಲ್ಲಿ ಹಳೆಯ ಚಿತ್ರಗಳಿಗೆ ಹೆಚ್ಚಾಗಿ ಸಿಗುವುದು ಬೆಳಗಿನ ಹೊತ್ತು, ಇಲ್ಲವೇ ಮಧ್ಯಾಹ್ನದ ಹೊತ್ತು. ಹೀಗಾಗಿ ಅವು ಮನೆಗೆಲಸದ ನಡುವೆ ಒಂದು ಕಣ್ಣು, ಒಂದು ಕಿವಿ ಕೊಟ್ಟು ನೋಡುವ ಚಿತ್ರಗಳಾಗಿಬಿಟ್ಟಿವೆ. ಇದು ನನಗೆ ಬಹಳ ಬೇಸರ ತರುವ ಸಂಗತಿ. 1960 ಮತ್ತು 70ರ ದಶಕದ ಕೆಲವು ಕನ್ನಡ ಚಿತ್ರಗಳು ಮನೆಯ ಟಿ.ವಿ.ಗೆ ಹೇಳಿ ಮಾಡಿಸಿದಂತಿವೆ. ಅವುಗಳ ಶಕ್ತಿಯೆಲ್ಲ ನಟರ ಮುಖದಲ್ಲಿ, ತೂಕದ ಮಾತಿನಲ್ಲಿ, ಮಾತು ನಿಂತ ಗಳಿಗೆಗಳಲ್ಲಿ ಇದೆ. ಅಂಥದ್ದನ್ನು ಮನೆಯ ಪಡಸಾಲೆಯಲ್ಲಿ, ಹತ್ತಿರದಿಂದ, ದೀಪ ಸ್ವಲ್ಪ ತಗ್ಗಿಸಿ ನೋಡಿದರೆ ಏನೂ ಕಳೆದುಹೋಗುವುದಿಲ್ಲ.

ಚಿತ್ರಗಳ ಮಾತಿಗೆ ಮೊದಲು ರಿಮೋಟಿನ ಮಾತು ಹೇಳಲೇಬೇಕು. ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ ‘ಸೊಸೆ ತಂದ ಸೌಭಾಗ್ಯ’ ಬಂದದ್ದು 1977ರಲ್ಲಿ. ಅದಕ್ಕೂ ಹಿಂದಿನ ಚಿತ್ರಗಳ ಚೌಕಟ್ಟು ಈಗಿನಷ್ಟು ಅಗಲವಲ್ಲ, ಹಳೆಯ ಡಬ್ಬಿ ಟಿ.ವಿ.ಯ ಆಕಾರಕ್ಕೆ ಹತ್ತಿರವಾದದ್ದು. ಇಂದಿನ ಅಗಲವಾದ ಟಿ.ವಿ.ಗಳು ಅದನ್ನು ಎರಡೂ ಬದಿಗೆ ಎಳೆದು ತುಂಬಿಸಿದಾಗ ಪಂಡರೀಬಾಯಿಯವರ ಮುಖವೂ ಉಬ್ಬುತ್ತದೆ, ಅಶ್ವತ್ಥ್ ಅವರ ಎತ್ತರವೂ ಕುಗ್ಗುತ್ತದೆ. ಚಿತ್ರದ ಅಳತೆಯ ಆಯ್ಕೆಗೆ ಹೋಗಿ 4:3 ಎಂದು ಬದಲಿಸಿಕೊಂಡರೆ ಎರಡು ಬದಿಗಳಲ್ಲಿ ಕಪ್ಪು ಪಟ್ಟಿಗಳು ಬರುತ್ತವೆ, ಮುಖಗಳು ಸರಿಹೋಗುತ್ತವೆ. ಚಲನೆಯನ್ನು ನುಣುಪುಗೊಳಿಸುವ ಸೌಲಭ್ಯವನ್ನೂ ತಪ್ಪದೆ ಆರಿಸಿಬಿಡಬೇಕು. ಅದು ಎಂಥ ಸಿನಿಮಾವನ್ನಾದರೂ ಧಾರಾವಾಹಿಯಂತೆ ಕಾಣಿಸುತ್ತದೆ.

ನನ್ನ ಮೊದಲ ಶಿಫಾರಸು 1964ರ ‘ನಾಂದಿ’. ಎನ್. ಲಕ್ಷ್ಮೀನಾರಾಯಣ್ ಅವರ ಈ ಚಿತ್ರದಲ್ಲಿ ರಾಜ್‌ಕುಮಾರ್ ಒಬ್ಬ ಶಾಲಾ ಮೇಷ್ಟರು, ಹರಿಣಿ ಕಿವಿ ಕೇಳದ, ಮಾತು ಬಾರದ ಹೆಣ್ಣು. ಪೌರಾಣಿಕ ಚಿತ್ರಗಳ ಅಬ್ಬರದ ಕಾಲದಲ್ಲಿ ಇಷ್ಟು ಮೆಲುದನಿಯ, ಸಾಮಾನ್ಯರ ಮನೆಯೊಳಗೇ ನಡೆಯುವ ಚಿತ್ರವನ್ನು ಮಾಡಲು ಎಷ್ಟು ಧೈರ್ಯ ಬೇಕಾಗಿತ್ತೋ! ಪಿ.ಬಿ. ಶ್ರೀನಿವಾಸ್ ಹಾಡಿರುವ ‘ಹಾಡೊಂದ ಹಾಡುವೆ ನೀ ಕೇಳು ಮಗುವೆ’ ಗೀತೆಯನ್ನು ಎಲ್ಲರೂ ರೇಡಿಯೊದಲ್ಲಿ ಕೇಳಿದ್ದೇವೆ. ಆದರೆ ಕೇಳುವುದೇ ದೊಡ್ಡ ಭಾಗ್ಯವಾಗಿರುವ ಈ ಕಥೆಯೊಳಗೆ ಅದನ್ನು ಕೇಳಿದವರಿಗೆ ಮಾತ್ರ ಅದರ ಭಾರ ತಿಳಿಯುತ್ತದೆ. ಹರಿಣಿಯವರು ಕಣ್ಣು ಮತ್ತು ಕೈಗಳಿಂದಲೇ ಪಾತ್ರವನ್ನು ಕಟ್ಟಿದ್ದಾರೆ; ಪಕ್ಕದಲ್ಲಿ ಮಿಕ್ಸಿ ಓಡುತ್ತಿದ್ದರೆ ಸದ್ದಿನ ತೊಂದರೆಗಿಂತ ನಮ್ಮ ಗಮನ ಚದುರುವ ತೊಂದರೆಯೇ ಹೆಚ್ಚು, ಏಕೆಂದರೆ ಈ ಚಿತ್ರದಲ್ಲಿ ಒಂದು ನೋಟ ತಪ್ಪಿದರೆ ಒಂದು ಸಂಭಾಷಣೆಯೇ ತಪ್ಪಿದಂತೆ.

ಕಲ್ಪನಾ ಎಂದರೆ ‘ಶರಪಂಜರ’ದ ಏರುದನಿ ಮಾತ್ರ ನೆನಪಿರುವವರು ಪುಟ್ಟಣ್ಣ ಕಣಗಾಲ್ ಅವರ ‘ಗೆಜ್ಜೆ ಪೂಜೆ’ಯನ್ನು ನೋಡಬೇಕು. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿದ 1969ರ ಈ ಚಿತ್ರದಲ್ಲಿ ಅವರು ಚಂದ್ರಾ. ಗೆಜ್ಜೆ ಪೂಜೆ ಮಾಡಿಸಿ ಹೆಣ್ಣುಮಕ್ಕಳನ್ನು ವೃತ್ತಿಗಿಳಿಸುವ ಮನೆತನದಲ್ಲಿ ಹುಟ್ಟಿ, ಎಲ್ಲರಂತೆ ಮದುವೆಯಾಗಿ ಬಾಳಬೇಕೆಂದು ಆಸೆಪಟ್ಟ ಹುಡುಗಿ. ಎಸ್. ಜಾನಕಿಯವರ ‘ಗಗನವು ಎಲ್ಲೋ ಭೂಮಿಯು ಎಲ್ಲೋ’ ಹಾಡಿನ ಸಂಭ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಒಂದು ಗಂಟೆಯನ್ನು ನೋಡಿ: ಕಲ್ಪನಾ ದನಿ ಎತ್ತದೆ, ಹೆಚ್ಚು ಅಳದೆ, ಆ ಸಂಭ್ರಮವನ್ನು ಮುಖದಿಂದ ಸ್ವಲ್ಪಸ್ವಲ್ಪವಾಗಿ ಇಳಿಸುತ್ತಾ ಹೋಗುತ್ತಾರೆ. ಕೊನೆಯನ್ನು ಇಲ್ಲಿ ಹೇಳುವುದಿಲ್ಲ. ಕಪ್ಪು ಬಿಳುಪಿನ ಛಾಯೆ ಈ ಕಥೆಗೆ ಎಷ್ಟು ಒಪ್ಪಿದೆಯೆಂದರೆ ಬೇರೆ ಬಣ್ಣದಲ್ಲಿ ಇದನ್ನು ಊಹಿಸಿಕೊಳ್ಳುವುದೂ ನನಗೆ ಸಾಧ್ಯವಿಲ್ಲ.

ಬಣ್ಣದ ಮಾತು ಬಂದ ಮೇಲೆ ‘ಕಸ್ತೂರಿ ನಿವಾಸ’ಕ್ಕೆ ಬರಲೇಬೇಕು. ದೊರೆ–ಭಗವಾನ್ ನಿರ್ದೇಶನದ ಈ ಚಿತ್ರ 1971ರಲ್ಲಿ ಕಪ್ಪು ಬಿಳುಪಿನಲ್ಲಿ ಬಂತು, 2014ರಲ್ಲಿ ಬಣ್ಣ ಹಚ್ಚಿಸಿಕೊಂಡು ಮತ್ತೆ ತೆರೆಗೆ ಬಂತು. ಬಣ್ಣದ ಪ್ರತಿಯಿಂದಾಗಿ ಹೊಸ ತಲೆಮಾರು ಚಿತ್ರಮಂದಿರಕ್ಕೆ ಬಂದದ್ದು ಸಂತೋಷದ ವಿಷಯವೇ. ಆದರೂ ಎರಡೂ ಸಿಕ್ಕರೆ ಮೂಲವನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯ ರವಿವರ್ಮ (ರಾಜ್‌ಕುಮಾರ್) ಕೊಡುವುದನ್ನು ಬಿಟ್ಟು ಬೇರೇನನ್ನೂ ಅರಿಯದವನು. ಅವನ ಕೆಳಗೆ ಬೆಳೆದವನೇ ಎದುರಾಳಿಯಾಗಿ ನಿಂತಾಗಲೂ ಅವನ ಕೈ ಹಿಂದೆ ಸರಿಯುವುದಿಲ್ಲ. ಮನೆಯ ಸಿರಿ ಕರಗುತ್ತಾ ಹೋದಂತೆ ಕೋಣೆಗಳಲ್ಲಿ ನೆರಳು ಹೆಚ್ಚುವುದನ್ನು ಮೂಲ ಪ್ರತಿಯಲ್ಲಿ ಕಣ್ಣಾರೆ ಕಾಣಬಹುದು. ಬಣ್ಣ ಹಚ್ಚಿದಾಗ ಆ ನೆರಳಿನ ಆಳ ಕಡಿಮೆಯಾಗಿದೆ.

ಚಿತ್ರದ ಕೊನೆಯ ಭಾಗದಲ್ಲಿ ಜಯಂತಿಯವರ ಪಾತ್ರ ಒಂದು ಕೋರಿಕೆ ಹೊತ್ತು ಅವನ ಮನೆಗೆ ಬರುತ್ತದೆ. ಎಲ್ಲವನ್ನೂ ಕಳೆದುಕೊಂಡಿದ್ದರೂ ಬಂದ ಅತಿಥಿಗೆ ಊಟವಿಲ್ಲದೆ ಕಳಿಸುವ ಮನೆಯಲ್ಲ ಅದು. ಊಟ ಮುಗಿದ ಮೇಲೆ ಅವಳು ತಾನು ಬಂದ ಕಾರಣವನ್ನು ಹೇಳುತ್ತಾಳೆ. ಆ ಮಾತು ಕಿವಿಗೆ ಬಿದ್ದ ಗಳಿಗೆಯಲ್ಲಿ ರಾಜ್‌ಕುಮಾರ್ ಅವರ ಮುಖವನ್ನು ನೋಡಿ. ಕನ್ನಡದಲ್ಲಿ ಅಭಿನಯ ಕಲಿಯಬೇಕೆನ್ನುವವರಿಗೆ ನಾನು ಮೊದಲು ತೋರಿಸುವುದು ಇದೇ ದೃಶ್ಯ. ಬೀಳಿಸಿದರೂ ಮತ್ತೆ ಎದ್ದು ನಿಲ್ಲುವ ಗೊಂಬೆಯ ಹಾಡು ‘ಆಡಿಸಿ ನೋಡು ಬೀಳಿಸಿ ನೋಡು’ ಈ ಚಿತ್ರದಲ್ಲಿ ಎರಡು ಬಾರಿ ಬರುತ್ತದೆ. ಒಂದು ವಾಹಿನಿಯಲ್ಲಿ ಸಮಯ ಹೊಂದಿಸಲೆಂದು ಎರಡನೆಯದನ್ನು ಕತ್ತರಿಸಿ ಪ್ರಸಾರ ಮಾಡಿದ್ದನ್ನು ಕಂಡು ಬಹಳ ನೊಂದಿದ್ದೇನೆ. ಮೊದಲನೆಯ ಹಾಡು ಇರುವುದೇ ಎರಡನೆಯದಕ್ಕಾಗಿ. ಜಾಹೀರಾತು ಎಷ್ಟಾದರೂ ಬರಲಿ, ಸಹಿಸಬಹುದು, ಹಾಡಿಗೆ ಕತ್ತರಿ ಹಾಕಬಾರದು.

‘ಸತ್ಯ ಹರಿಶ್ಚಂದ್ರ’ದ ಬಗ್ಗೆ ಹೊಸದಾಗಿ ಹೇಳುವ ಅಗತ್ಯ ಕಡಿಮೆ. ಹುಣಸೂರು ಕೃಷ್ಣಮೂರ್ತಿಯವರ 1965ರ ಈ ಚಿತ್ರ ಮಕ್ಕಳೊಂದಿಗೆ ಕೂತು ನೋಡಲು ಇಂದಿಗೂ ಯೋಗ್ಯವಾಗಿದೆ. ನರಸಿಂಹರಾಜು ಅವರ ನಕ್ಷತ್ರಿಕ ಮಕ್ಕಳನ್ನು ಹಿಡಿದಿಡುತ್ತಾನೆ, ಎಂ.ಪಿ. ಶಂಕರ್ ಅವರ ವೀರಬಾಹು ದೊಡ್ಡವರನ್ನು.

ಸಿದ್ಧಲಿಂಗಯ್ಯನವರು ಎಂದೊಡನೆ ಎಲ್ಲರ ಬಾಯಲ್ಲಿ ‘ಬಂಗಾರದ ಮನುಷ್ಯ’ ಬರುತ್ತದೆ. ನನ್ನ ಮಟ್ಟಿಗೆ ಅವರ ಅತ್ಯುತ್ತಮ ಕೃತಿ 1974ರ ‘ಭೂತಯ್ಯನ ಮಗ ಅಯ್ಯು’. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯನ್ನು ಆಧರಿಸಿದ ಈ ಚಿತ್ರದಲ್ಲಿ ಇಡೀ ಊರೇ ಒಂದು ಪಾತ್ರ. ಬಡ್ಡಿ, ಅಡಮಾನ, ಕೋರ್ಟು, ಹಗೆ ಇವೆಲ್ಲ ಹಳ್ಳಿಯೊಂದರ ನೆಮ್ಮದಿಯನ್ನು ಹೇಗೆ ತಿನ್ನುತ್ತವೆ ಎಂಬುದನ್ನು ಇಷ್ಟು ನೇರವಾಗಿ ಹೇಳಿದ ಜನಪ್ರಿಯ ಚಿತ್ರ ನಮ್ಮಲ್ಲಿ ಇನ್ನೊಂದಿಲ್ಲ. ಜಿಪುಣ ಲೇವಾದೇವಿಗಾರ ಭೂತಯ್ಯ ಸತ್ತಾಗ ಹೆಣಕ್ಕೆ ಹೆಗಲು ಕೊಡಲು ಊರಿನವರು ಮುಂದಾಗುವುದಿಲ್ಲ. ಆ ಅವಮಾನ ಮಗನ ಎದೆಯಲ್ಲಿ ಕೂತು ಕಥೆಯನ್ನು ಮುಂದಕ್ಕೆ ನಡೆಸುತ್ತದೆ. ಅಯ್ಯುವಾಗಿ ಲೋಕೇಶ್, ಎದುರಿಗೆ ಗುಳ್ಳನಾಗಿ ವಿಷ್ಣುವರ್ಧನ್. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ನಾಯಕ, ರಂಗನಟ ಸುಬ್ಬಯ್ಯ ನಾಯ್ಡು ಅವರ ಮಗ ಲೋಕೇಶ್, ರಂಗಭೂಮಿಯ ಆ ಹಿನ್ನೆಲೆ ಅವರ ನಿಲುವಿನಲ್ಲಿ, ಬಿಗಿದ ದವಡೆಯಲ್ಲಿ ಎದ್ದು ಕಾಣುತ್ತದೆ. ನಡುವೆ ಲೋಕನಾಥ್ ಅವರು ಉಪ್ಪಿನಕಾಯಿ ಚಪ್ಪರಿಸುವ ದೃಶ್ಯವಿದೆ. ಆ ಒಂದು ದೃಶ್ಯದಿಂದ ಅವರಿಗೆ ಉಪ್ಪಿನಕಾಯಿ ಲೋಕನಾಥ್ ಎಂಬ ಹೆಸರೇ ನಿಂತಿತು, ನೋಡುವವರ ಬಾಯಲ್ಲಿ ಇಂದಿಗೂ ನೀರೂರುತ್ತದೆ. ಪ್ರವಾಹದ ದೃಶ್ಯಗಳು ಚಿಕ್ಕ ಪರದೆಯಲ್ಲಿ ತುಸು ಮಂಕಾಗುವುದು ನಿಜ, ಆದರೆ ಅಷ್ಟು ಹೊತ್ತಿಗೆ ನಾವು ಆ ಊರಿನವರೇ ಆಗಿರುತ್ತೇವೆ.

ಹಾಗಾದರೆ ‘ನಾಗರಹಾವು’? ಚಾಮಯ್ಯ ಮೇಷ್ಟರಾಗಿ ಅಶ್ವತ್ಥ್, ರಾಮಾಚಾರಿಯಾಗಿ ವಿಷ್ಣುವರ್ಧನ್ ಮುಖಾಮುಖಿಯಾಗುವ ದೃಶ್ಯಗಳಿಗಾಗಿ ಟಿ.ವಿ.ಯಲ್ಲಿಯೂ ನೋಡಬೇಕು. ಆದರೆ ಚಿತ್ರದುರ್ಗದ ಕೋಟೆ, ಬಂಡೆ, ಬಯಲು ಈ ಚಿತ್ರದ ಅರ್ಧ ಜೀವ. ಅದನ್ನು ಮೊದಲ ಬಾರಿಗೆ ನೋಡುವವರು ಸಾಧ್ಯವಾದರೆ ದೊಡ್ಡ ಪರದೆಗಾಗಿ ಕಾಯುವುದು ಲೇಸು.

ಇನ್ನು ಅಪರೂಪಕ್ಕೆ ಮಾತ್ರ ಪ್ರಸಾರವಾಗುವ ಎರಡು ಚಿತ್ರಗಳು. ರಾಷ್ಟ್ರ ಪ್ರಶಸ್ತಿ ಪಡೆದ ಪ್ರಾದೇಶಿಕ ಚಿತ್ರಗಳನ್ನು ದೂರದರ್ಶನ ಒಂದು ಕಾಲದಲ್ಲಿ ಭಾನುವಾರ ಮಧ್ಯಾಹ್ನ ತೋರಿಸುತ್ತಿತ್ತು. ಈಗ ಅಂಥ ಏರ್ಪಾಡು ಯಾವ ಖಾಸಗಿ ವಾಹಿನಿಯಲ್ಲೂ ಇಲ್ಲದಿರುವುದು ದೊಡ್ಡ ಕೊರತೆ. ಶಿವರಾಮ ಕಾರಂತರ ಕಾದಂಬರಿಯಿಂದ ಬಿ.ವಿ. ಕಾರಂತರು 1975ರಲ್ಲಿ ಮಾಡಿದ ‘ಚೋಮನ ದುಡಿ’ ಎಲ್ಲಿಯಾದರೂ ಕಂಡರೆ ಬಿಡಬೇಡಿ. ಬೇಸಾಯಕ್ಕೆ ಸ್ವಂತ ತುಂಡು ನೆಲ ಬೇಕೆಂಬ ಚೋಮನ ಹಂಬಲವನ್ನು ವಾಸುದೇವರಾಯರು ಮಾತಿಗಿಂತ ಹೆಚ್ಚಾಗಿ ಬೆರಳುಗಳಲ್ಲಿ ಆಡಿದ್ದಾರೆ, ಅದಕ್ಕೆ ರಾಷ್ಟ್ರ ಪ್ರಶಸ್ತಿಯೂ ಬಂತು. ಟಿ.ವಿ.ಯ ತೆಳು ಸ್ಪೀಕರಿನಲ್ಲಿ ದುಡಿ ಎಂಬ ಚರ್ಮವಾದ್ಯದ ನಾದ ಸೊರಗುವುದರಿಂದ ಹೊರಗಿನ ಸ್ಪೀಕರ್ ಇದ್ದರೆ ಜೋಡಿಸಿಕೊಳ್ಳಿ.

ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ ‘ಘಟಶ್ರಾದ್ಧ’ ಬಂದದ್ದು 1977ರಲ್ಲಿ. ನಾಣಿ ಎಂಬ ಪುಟ್ಟ ಹುಡುಗನ ಕಣ್ಣಿನಿಂದ ಒಬ್ಬ ವಿಧವೆಯ ಪಾಡನ್ನು ಕಾಣಿಸುವ ಈ ಚಿತ್ರದ ಹಾಳಾದ ಪ್ರತಿಗಳನ್ನೇ ನಾವು ಬಹುಕಾಲ ನೋಡುತ್ತಾ ಬಂದೆವು. ಈಗ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಅದನ್ನು ಪುನರುದ್ಧಾರ ಮಾಡಿದ್ದು, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದರ ಪ್ರದರ್ಶನವೂ ಆಯಿತು. ಆ ಪ್ರತಿಯನ್ನು ಒಂದು ಭಾನುವಾರ, ಜಾಹೀರಾತಿನ ತುಂಡರಿಕೆ ಕಡಿಮೆ ಇಟ್ಟು, ಕನ್ನಡದ ಯಾವುದಾದರೂ ವಾಹಿನಿ ಕನ್ನಡಿಗರ ಮನೆಗಳಿಗೆ ತಲುಪಿಸಲಿ. ವೀಕ್ಷಕರು ಪತ್ರ ಬರೆದು ಕೇಳಿದರೆ ವಾಹಿನಿಗಳು ಒಮ್ಮೊಮ್ಮೆ ಕಿವಿಗೊಡುವುದುಂಟು, ಆದ್ದರಿಂದ ಕೇಳೋಣ.